ಮೂರು ಕಡೆ ಟಿಕ್ ಹಾಕಿದರೂ ದಾಖಲೆಯಲ್ಲಿ ಒಂದೇ ಯಾಕೆ?

ಪ್ರಶ್ನೆ: ನನ್ನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅಳಿಯನ ತಂದೆ ಆಫ್ರಿಕನ್ ಅಮೆರಿಕನ್, ತಾಯಿ ಪೋರ್ಟೊರಿಕೊ ಮೂಲದವರು. ಮೊಮ್ಮಗನಿಗೆ ಈಗ ಐದು ವರ್ಷ. ಶಾಲೆಗೆ ಸೇರಿಸುವಾಗ ಫಾರಂನಲ್ಲಿ ಮಗುವಿನ ಜನಾಂಗ ಕೇಳಿದ್ದರು. ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು) ಹೌದಾ ಎಂಬಲ್ಲಿ ಮಗಳು ಹೌದು ಎಂದು ಹಾಕಿದಳು. ಕೆಳಗೆ ಏಷ್ಯನ್, ಬ್ಲ್ಯಾಕ್ ಎರಡಕ್ಕೂ ಟಿಕ್ ಮಾಡಿದಳು. ಆಮೇಲೆ ಶಾಲೆಯ ಆನ್‌ಲೈನ್ ಖಾತೆ ತೆರೆದು ನೋಡಿದರೆ ಬರೀ ‘ಹಿಸ್ಪಾನಿಕ್’ ಅಂತಿದೆ. ನಮ್ಮ ಕಡೆಯದೂ ಇಲ್ಲ, ಬೀಗರ ಕಡೆಯದೂ ಇಲ್ಲ. ಇದು ಗುಮಾಸ್ತರ ತಪ್ಪಾ? ತಿದ್ದಿಸಬೇಕಾ? ಹಾಗೇ ಬಿಟ್ಟರೆ ಮಗುವಿಗೆ ಮುಂದೆ ತೊಂದರೆ ಆಗುತ್ತಾ? ಬೇರೆ ಫಾರಂಗಳಲ್ಲಿ ಯಾವುದಕ್ಕೆ ಟಿಕ್ ಹಾಕಬೇಕು? (ಒಬ್ಬ ಅಜ್ಜಿ)

ಉತ್ತರ: ಅಮ್ಮಾ, ಇದು ಗುಮಾಸ್ತರ ತಪ್ಪಲ್ಲ. ನಿಮ್ಮ ಮಗಳು ತುಂಬಿದ್ದೂ ಸರಿಯಾಗಿಯೇ ಇದೆ. ನಿಯಮವೇ ಹಾಗಿದೆ.

ಅಮೆರಿಕದ ಶಿಕ್ಷಣ ಇಲಾಖೆ 2007ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. 2010-11ರ ಶಾಲಾ ವರ್ಷದಿಂದ ಅದು ಜಾರಿಗೆ ಬಂತು. ಅದರಲ್ಲಿ ಪ್ರಶ್ನೆಗೆ ಎರಡು ಭಾಗ. ಮೊದಲು ‘ಹಿಸ್ಪಾನಿಕ್ ಅಥವಾ ಲ್ಯಾಟಿನೊ ಹೌದೋ ಅಲ್ಲವೋ’. ಆಮೇಲೆ ಐದು ಜನಾಂಗಗಳ ಪಟ್ಟಿ: ಅಮೆರಿಕನ್ ಇಂಡಿಯನ್ (ಅಂದರೆ ಅಲ್ಲಿನ ಮೂಲನಿವಾಸಿಗಳು), ಏಷ್ಯನ್, ಬ್ಲ್ಯಾಕ್, ಹವಾಯಿ ಮತ್ತು ಪೆಸಿಫಿಕ್ ದ್ವೀಪದವರು, ವೈಟ್. ಇಲ್ಲಿ ಎಷ್ಟಕ್ಕೆ ಬೇಕಾದರೂ ಟಿಕ್ ಹಾಕಬಹುದು. ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ.

ತೊಂದರೆ ಶುರುವಾಗುವುದು ಶಾಲೆ ಮೇಲಿನವರಿಗೆ ಲೆಕ್ಕ ಕಳಿಸುವಾಗ. ಅಲ್ಲಿ ಒಂದು ಮಗುವನ್ನು ಒಂದೇ ಕಡೆ ಎಣಿಸಬೇಕು. ವರದಿಯಲ್ಲಿ ಇರುವುದು ಏಳು ಖಾನೆ. ಮೊದಲ ಪ್ರಶ್ನೆಗೆ ಹೌದು ಅಂದ ಮಗು ನೇರವಾಗಿ ‘ಹಿಸ್ಪಾನಿಕ್’ ಖಾನೆಗೆ ಹೋಗುತ್ತದೆ. ಕೆಳಗೆ ಎಷ್ಟು ಟಿಕ್ ಇದ್ದರೂ ಲೆಕ್ಕಕ್ಕಿಲ್ಲ. ನಿಮ್ಮ ಮೊಮ್ಮಗನಿಗೆ ಆದದ್ದು ಇದೇ.

ಹಾಗಾದರೆ ಹಿಸ್ಪಾನಿಕ್ ಅಲ್ಲ ಅಂತ ಹಾಕಿದ್ದರೆ ಸರಿಹೋಗುತ್ತಿತ್ತಾ? ಇಲ್ಲ. ಆಗ ಏಷ್ಯನ್, ಬ್ಲ್ಯಾಕ್ ಎರಡೂ ಇರುವ ಮಗು ‘ಎರಡು ಅಥವಾ ಹೆಚ್ಚು ಜನಾಂಗ’ ಎಂಬ ಖಾನೆಗೆ ಹೋಗುತ್ತಿತ್ತು. ಆ ಖಾನೆಯಲ್ಲಿ ಬಿಳಿ ತಂದೆ, ಜಪಾನಿ ತಾಯಿಯ ಮಗುವೂ ಇರುತ್ತದೆ. ಕಪ್ಪು ತಂದೆ, ಚೆರೊಕೀ ಎಂಬ ಮೂಲನಿವಾಸಿ ಬುಡಕಟ್ಟಿನ ತಾಯಿಯ ಮಗುವೂ ಇರುತ್ತದೆ. ಆ ಮಕ್ಕಳಿಗೆಲ್ಲ ಏನು ಸಮಾನ ಅಂದರೆ, ಯಾವ ಒಂದು ಖಾನೆಗೂ ಹೊಂದಲಿಲ್ಲ ಅನ್ನುವುದು ಮಾತ್ರ. ನಾನು ಇಂಥ ಕೋಷ್ಟಕಗಳ ಜೊತೆಯೇ ಕೆಲಸ ಮಾಡುವವನು. ಆ ಖಾನೆಯ ಅಂಕಿ ನೋಡಿ ಯಾವ ಮಗುವಿನ ಬಗ್ಗೆಯೂ ಏನೂ ಹೇಳಲು ಬರುವುದಿಲ್ಲ.

ಏನೂ ತುಂಬದೆ ಖಾಲಿ ಬಿಟ್ಟಿದ್ದರೆ? ಅದು ಇನ್ನೂ ವಿಚಿತ್ರ. ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ತಂದೆತಾಯಿ ಉತ್ತರ ಕೊಡದಿದ್ದರೆ ಶಾಲೆಯ ಸಿಬ್ಬಂದಿಯೇ ಮಗುವಿನ ಬಗ್ಗೆ ತಮಗೆ ತೋರಿದ್ದನ್ನು ಬರೆದುಕೊಳ್ಳಬೇಕು. ಅಂದರೆ ಯಾರೋ ಒಬ್ಬರು ಮಗುವಿನ ಮುಖ, ಕೂದಲು, ಹೆಸರು ನೋಡಿ ತೀರ್ಮಾನಿಸುತ್ತಾರೆ. ಅದಕ್ಕಿಂತ ನಿಮ್ಮ ಮಗಳು ತಾನೇ ತುಂಬಿದ್ದು ಎಷ್ಟೋ ವಾಸಿ.

ಇಷ್ಟು ನಿಮ್ಮ ಮೊದಲ ಪ್ರಶ್ನೆಗೆ. ಆದರೆ ಇಷ್ಟು ಹೇಳಿ ಬಿಟ್ಟರೆ ‘ಹೀಗೊಂದು ದಡ್ಡ ನಿಯಮ ಯಾಕೆ ಮಾಡಿದರು’ ಅಂತ ನೀವು ಕೇಳುತ್ತೀರಿ, ಅಲ್ವಾ? ನಿಯಮ ಪೂರ್ತಿ ದಡ್ಡತನದ್ದಲ್ಲ. ಅದರ ಉದ್ದೇಶವೇ ಬೇರೆ.

ಈ ಐದು ಜನಾಂಗಗಳ ಪಟ್ಟಿಯ ಮೂಲ 1977ರ ಒಂದು ಸರ್ಕಾರಿ ಆದೇಶ. ಅಧ್ಯಕ್ಷರ ಕಚೇರಿಗೆ ಸೇರಿದ ಬಜೆಟ್ ವಿಭಾಗ ಅದನ್ನು ಹೊರಡಿಸಿತು. 15ನೇ ನಿರ್ದೇಶನ ಅಂತಲೇ ಅದಕ್ಕೆ ಹೆಸರು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂದಿತ್ತು, 1965ರಲ್ಲಿ ಮತದಾನದ ಹಕ್ಕುಗಳ ಕಾಯ್ದೆ. ಕಾಯ್ದೆ ಬಂದರೆ ಸಾಲದು, ಪಾಲನೆ ಆಗುತ್ತಿದೆಯಾ ಅಂತ ನೋಡಬೇಕಲ್ಲ. ಈ ಕಂಪನಿ ಕಪ್ಪು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದೆಯಾ? ಈ ಊರಿನಲ್ಲಿ ಬಿಳಿ ಮತ್ತು ಕಪ್ಪು ಮಕ್ಕಳ ಶಾಲೆಗಳು ನಿಜಕ್ಕೂ ಒಂದಾಗಿವೆಯಾ? ಇದಕ್ಕೆ ಎಣಿಕೆ ಬೇಕು. ಎಲ್ಲ ಇಲಾಖೆಗಳೂ ಒಂದೇ ರೀತಿ ಎಣಿಸಬೇಕು. ಅದಕ್ಕಾಗಿ ಮಾಡಿದ ಪಟ್ಟಿ ಇದು. ಈ ವರ್ಗಗಳನ್ನು ವೈಜ್ಞಾನಿಕ ಅಂತ ತಿಳಿಯಬೇಡಿ ಎಂದು ಆ ಆದೇಶವೇ ಸ್ಪಷ್ಟವಾಗಿ ಹೇಳಿತ್ತು.

ಅಂದರೆ ಫಾರಂ ಕೇಳುತ್ತಿರುವುದು ‘ನೀನು ಯಾರು’ ಅಂತಲ್ಲ. ‘ಯಾರ ವಿರುದ್ಧ ತಾರತಮ್ಯ ನಡೆದರೆ ನಿನ್ನನ್ನು ಆ ಗುಂಪಿನಲ್ಲಿ ಲೆಕ್ಕ ಹಿಡಿಯಬೇಕು’ ಅಂತ. ಈ ಎರಡು ಬೇರೆ ಬೇರೆ ಪ್ರಶ್ನೆಗಳು. ನಿಮ್ಮ ಮಗಳು ಮೊದಲನೆಯದಕ್ಕೆ ಉತ್ತರ ಕೊಟ್ಟಳು. ಶಾಲೆಯ ಕಂಪ್ಯೂಟರ್ ಎರಡನೆಯದಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡಿತು. ಒಂದೇ ಗುಂಪಿಗೆ ಸೇರಿದವರಿಗೆ ಈ ಎರಡರ ನಡುವಿನ ಬಿರುಕು ಕಾಣುವುದೇ ಇಲ್ಲ. ಮಿಶ್ರ ಕುಟುಂಬದ ಮಗು ಬಂದಾಗಲೇ ಕಾಣುವುದು.

ಮೊದಲೆಲ್ಲ ನೀನು ಯಾವ ಜನಾಂಗ ಅಂತ ಜನರನ್ನು ಕೇಳುತ್ತಲೂ ಇರಲಿಲ್ಲ, ಗಣತಿದಾರನೇ ಬರೆದುಕೊಳ್ಳುತ್ತಿದ್ದ. 1790ರ ಮೊದಲ ಜನಗಣತಿಯಲ್ಲಿ ಬಿಳಿಯ ಗಂಡಸರು, ಬಿಳಿಯ ಹೆಂಗಸರು, ಇತರ ಸ್ವತಂತ್ರರು, ಗುಲಾಮರು ಎಂಬ ವಿಂಗಡಣೆ ಇತ್ತು. 1850ರಲ್ಲಿ ‘ಮುಲಾಟೊ’ ಬಂತು, ಅಂದರೆ ಕಪ್ಪು-ಬಿಳಿ ಮಿಶ್ರಣ. 1890ರಲ್ಲಿ ಇದು ಅತಿರೇಕಕ್ಕೆ ಹೋಯಿತು. ಮನೆ ಬಾಗಿಲಿಗೆ ಬಂದ ಗಣತಿದಾರ ಮುಕ್ಕಾಲು ಪಾಲು ಅಥವಾ ಹೆಚ್ಚು ‘ಕಪ್ಪು ರಕ್ತ’ ಇದ್ದವರನ್ನು ಬ್ಲ್ಯಾಕ್ ಅಂತ ಬರೆಯಬೇಕು. ಎಂಟರಲ್ಲಿ ಮೂರರಿಂದ ಐದು ಪಾಲು ಇದ್ದರೆ ಮುಲಾಟೊ. ಕಾಲು ಭಾಗವಿದ್ದರೆ ಕ್ವಾಡ್ರೂನ್. ಎಂಟರಲ್ಲೊಂದು ಭಾಗ, ಅಥವಾ ಒಂದಿಷ್ಟು ಸುಳಿವಿದ್ದರೂ ಆಕ್ಟರೂನ್. ಬಾಗಿಲಲ್ಲಿ ನಿಂತವನು ಮುತ್ತಜ್ಜಿಯ ರಕ್ತದ ಭಿನ್ನರಾಶಿಯನ್ನು ಕಣ್ಣಳತೆಯಲ್ಲಿ ಹೇಳುವುದು ಹೇಗೆ? 1900ರ ಗಣತಿಯಲ್ಲಿ ಈ ಖಾನೆಗಳೇ ಇರಲಿಲ್ಲ.

ಆಮೇಲೆ ಬಂದದ್ದು ಇದಕ್ಕಿಂತ ಕಠಿಣ. ನಡುವೆ ಮರಳಿ ಬಂದಿದ್ದ ಮುಲಾಟೊ ಖಾನೆ 1930ರಲ್ಲಿ ಕೊನೆಯಾಗಿ ಹೋಯಿತು. ಬಿಳಿ ಮತ್ತು ಕಪ್ಪು ಮಿಶ್ರಣವಿದ್ದರೆ, ಕಪ್ಪಿನ ಪಾಲು ಎಷ್ಟೇ ಕಡಿಮೆಯಿದ್ದರೂ ‘ನೀಗ್ರೊ’ ಎಂದೇ ಬರೆಯಬೇಕು ಎಂದು ಸೂಚನೆ ಹೋಯಿತು. ಇದನ್ನೇ ಒಂದು ಹನಿ ರಕ್ತದ ನಿಯಮ ಅನ್ನುತ್ತಾರೆ. ಹಲವು ರಾಜ್ಯಗಳ ಕಾನೂನಿನಲ್ಲೂ ಇದು ಇತ್ತು. ವರ್ಜೀನಿಯಾ 1924ರಲ್ಲಿ ಇದಕ್ಕೊಂದು ಕಾಯ್ದೆಯನ್ನೇ ಮಾಡಿತು. ಅದರಲ್ಲಿ ಒಂದು ತಮಾಷೆಯಿದೆ. ಅಲ್ಲಿನ ಹಳೆಯ ಪ್ರತಿಷ್ಠಿತ ಬಿಳಿ ಮನೆತನಗಳು ಪೊಕಾಹಾಂಟಸ್ ಎಂಬ ಮೂಲನಿವಾಸಿ ಮುಖಂಡನ ಮಗಳ ವಂಶದವರು ಅಂತ ಹೆಮ್ಮೆಪಡುತ್ತಿದ್ದವು. ಅವರು ಬಿಳಿಯರಾಗಿಯೇ ಉಳಿಯಲಿ ಅಂತ, ಅಮೆರಿಕನ್ ಇಂಡಿಯನ್ ರಕ್ತ ಹದಿನಾರರಲ್ಲೊಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ ಎಂದು ವಿನಾಯಿತಿ ಇಟ್ಟರು. ಕಪ್ಪು ರಕ್ತಕ್ಕೆ ಮಾತ್ರ ಆ ವಿನಾಯಿತಿ ಇಲ್ಲ. ಲೂಸಿಯಾನಾದಲ್ಲಿ ಮೂವತ್ತೆರಡರಲ್ಲೊಂದು ಪಾಲಿನ ಲೆಕ್ಕದ ಕಾನೂನು 1983ರವರೆಗೂ ಪುಸ್ತಕದಲ್ಲಿತ್ತು!

ಇನ್ನು ಭಾರತೀಯರ ಕಥೆ. ಇದು ನಿಮಗೆ ಆಸಕ್ತಿ ಹುಟ್ಟಿಸಬಹುದು, ಯಾಕೆಂದರೆ ನಿಮ್ಮ ಮೊಮ್ಮಗನಂಥ ಮಕ್ಕಳು ಅಮೆರಿಕದಲ್ಲಿ ನೂರು ವರ್ಷದ ಹಿಂದೆಯೇ ಇದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಂಜಾಬಿನಿಂದ ಹೋದ ಗಂಡಸರು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕೆ ಇಳಿದರು. ಹೆಚ್ಚಿನವರು ಸಿಖ್ಖರು. ಊರಿನಿಂದ ಹೆಂಡತಿಯರನ್ನು ಕರೆಸಿಕೊಳ್ಳಲು ವಲಸೆ ಕಾನೂನು ಅಡ್ಡ. ಬಿಳಿಯ ಹೆಂಗಸರನ್ನು ಮದುವೆಯಾಗಲು ರಾಜ್ಯದ ಮದುವೆ ಕಾನೂನು ಅಡ್ಡ. ಹಾಗಾಗಿ ಹಲವರು ಜೊತೆಗೆ ಹೊಲಗಳಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಕುಟುಂಬಗಳ ಹೆಣ್ಣುಮಕ್ಕಳನ್ನು ಮದುವೆಯಾದರು. ಮದುವೆಯ ಲೈಸೆನ್ಸ್ ಕೊಡುವ ಗುಮಾಸ್ತ ಇಬ್ಬರ ಮೈಬಣ್ಣ ಒಂದೇ ಥರ ಕಂಡರೆ ಸಹಿ ಹಾಕಿಬಿಡುತ್ತಿದ್ದ. ಮಕ್ಕಳು ಮನೆಯಲ್ಲಿ ಸ್ಪ್ಯಾನಿಷ್ ಮಾತಾಡಿ, ಬಹುತೇಕ ಕ್ಯಾಥೊಲಿಕ್ಕರಾಗಿ ಬೆಳೆದರು. ಹೆಸರಿನ ಕೊನೆಯಲ್ಲಿ ಸಿಂಗ್.

ಈಗ ಆ ಮನೆಗೆ 1930ರ ಗಣತಿದಾರ ಬಂದ ಅಂತ ಇಟ್ಟುಕೊಳ್ಳಿ. ಆ ವರ್ಷ ಭಾರತದಿಂದ ಬಂದವರಿಗೆ ಇದ್ದ ಖಾನೆ ‘ಹಿಂದೂ’. ಅದು ಜನಾಂಗದ ಹೆಸರು, ಧರ್ಮದ್ದಲ್ಲ. 1920ರಿಂದ 1940ರವರೆಗೆ ಮೂರು ಗಣತಿಗಳಲ್ಲಿ ಹೀಗೇ ಇತ್ತು. ಹಾಗಾಗಿ ಪೇಟ ಸುತ್ತಿದ ಸಿಖ್ ಅಪ್ಪ ‘ಹಿಂದೂ’. ಅಮ್ಮ ‘ಮೆಕ್ಸಿಕನ್’, ಅದು ಆ ಒಂದು ಗಣತಿಗೆ ಮಾತ್ರ ಜನಾಂಗವಾಗಿತ್ತು. ಮಕ್ಕಳು? ಬಿಳಿಯರಲ್ಲದ ಎರಡು ಜನಾಂಗಗಳ ಮಿಶ್ರಣವಾದರೆ ತಂದೆಯದನ್ನು ಬರೆಯಿರಿ ಅನ್ನುವುದು ಸೂಚನೆ. ಅಂದರೆ ಚರ್ಚಿಗೆ ಹೋಗುವ, ಸ್ಪ್ಯಾನಿಷ್ ಮಾತಾಡುವ, ಸಿಖ್ ತಂದೆಯ ಮಗಳು ನಿಯಮದ ಪ್ರಕಾರ ‘ಹಿಂದೂ’! ಮೆಕ್ಸಿಕನ್ ಖಾನೆಗೆ ವಿರೋಧ ಬಂತು. 1940ರಲ್ಲಿ ಅದನ್ನು ತೆಗೆದರು. ಮೆಕ್ಸಿಕನ್ ಮೂಲದವರು ಮತ್ತೆ ಹೆಚ್ಚಾಗಿ ಬಿಳಿಯರ ಲೆಕ್ಕಕ್ಕೆ ಬಂದರು.

ಬಿಳಿಯರ ಲೆಕ್ಕಕ್ಕೆ ಬಂದರೆ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆಂಡ್ರಿಯಾ ಪೆರೆಜ್ ಅವರನ್ನು ಕೇಳಿದ್ದರೆ ಬೇರೆ ಹೇಳುತ್ತಿದ್ದರು. ಲಾಸ್ ಏಂಜಲೀಸ್‌ನ ಈ ಮೆಕ್ಸಿಕನ್ ಮೂಲದ ಮಹಿಳೆ ಕಪ್ಪು ಗಂಡಸೊಬ್ಬರನ್ನು ಮದುವೆಯಾಗಲು ಹೊರಟರು. ದಾಖಲೆಯಲ್ಲಿ ಆಕೆ ಬಿಳಿ. ಹಾಗಾಗಿ ಲೈಸೆನ್ಸ್ ಕೊಡಲಿಲ್ಲ. ಪ್ರಕರಣ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿಗೆ ಹೋಗಿ, 1948ರಲ್ಲಿ ಅಲ್ಲಿನ ಮದುವೆ ನಿಷೇಧ ಬಿದ್ದುಹೋಯಿತು. ಇಡೀ ದೇಶದಲ್ಲಿ ಇಂಥ ಕಾನೂನುಗಳು ರದ್ದಾಗಲು 1967ರವರೆಗೆ ಕಾಯಬೇಕಾಯಿತು. ವರ್ಜೀನಿಯಾದ ಲವಿಂಗ್ ದಂಪತಿಯ ಪ್ರಕರಣದಲ್ಲಿ ದೇಶದ ಸುಪ್ರೀಂ ಕೋರ್ಟು ಆ ತೀರ್ಪು ಕೊಟ್ಟಿತು. ನಿಮ್ಮ ಅಳಿಯನ ತಂದೆತಾಯಿಯ ಮದುವೆ ಕೂಡ ಅದಕ್ಕಿಂತ ಮುಂಚೆ ಕೆಲವು ರಾಜ್ಯಗಳಲ್ಲಿ ಅಪರಾಧವಾಗುವ ಸಾಧ್ಯತೆಯಿತ್ತು.

ಭಾರತೀಯರು ಬಿಳಿಯರೋ ಅಲ್ಲವೋ ಅನ್ನುವುದಂತೂ ಹಗ್ಗಜಗ್ಗಾಟ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವವರು, ತಾನು ಆರ್ಯ, ಕಕೇಸಿಯನ್, ಆದ್ದರಿಂದ ಬಿಳಿಯ, ಪೌರತ್ವ ಕೊಡಿ ಎಂದು ವಾದಿಸಿದರು. ಪಂಡಿತರು ಏನೇ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀವು ಬಿಳಿಯರಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಆಗಲೇ ಪೌರತ್ವ ಪಡೆದಿದ್ದ ಎಷ್ಟೋ ಭಾರತೀಯರು ಅದನ್ನು ಕಳೆದುಕೊಂಡರು. ಕಾನೂನು ಬದಲಾದದ್ದು 1946ರಲ್ಲಿ. ಮುಂದೆ 1970ರ ಗಣತಿ ಬಂದಾಗ ಭಾರತೀಯರನ್ನು ಸದ್ದಿಲ್ಲದೆ ಬಿಳಿಯರ ಜೊತೆ ಎಣಿಸಿದರು. ಅದು ಬೇಡ, ಬಿಳಿಯರ ಲೆಕ್ಕದಲ್ಲಿದ್ದರೆ ನಮ್ಮ ಮೇಲಿನ ತಾರತಮ್ಯ ಕಾಣುವುದೇ ಇಲ್ಲ ಅಂತ ಅಲ್ಲಿನ ಭಾರತೀಯ ಸಂಘಟನೆಗಳು ಪಟ್ಟು ಹಿಡಿದವು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಸ್ವಂತ ಬಾಕ್ಸ್ ಬಂತು. ಅಂದು ಬಿಳಿಯರಾಗಲು ಕೋರ್ಟಿಗೆ ಹೋದವರು, ಇಂದು ಬಿಳಿಯರಲ್ಲ ಅಂತ ಅರ್ಜಿ ಕೊಟ್ಟರು. ಎರಡಕ್ಕೂ ಅವರವರ ಕಾಲದ ಕಾರಣವಿತ್ತು. ಅಂದು ಬಾಕ್ಸ್ ಪೌರತ್ವ ಕೊಡುತ್ತಿತ್ತು, ಇಂದು ರಕ್ಷಣೆ ಕೊಡುತ್ತಿತ್ತು.

ನಿಮ್ಮ ಮೊಮ್ಮಗನನ್ನೇ ಈ ಗಣತಿಗಳ ಮುಂದೆ ಒಂದೊಂದಾಗಿ ನಿಲ್ಲಿಸಿ ನೋಡೋಣ. 1930ರಲ್ಲಿ ಅವನು ‘ನೀಗ್ರೊ’. 1970ರಲ್ಲಿ ಒಂದೇ ಜನಾಂಗ ಹೇಳಬೇಕಿತ್ತು, ಹೇಳಲಾಗದಿದ್ದರೆ ತಂದೆಯದನ್ನು ಹಿಡಿಯುತ್ತಿದ್ದರು. ಅಂದರೆ ಅಪ್ಪ ಬ್ಲ್ಯಾಕ್, ಮಗು ಬ್ಲ್ಯಾಕ್, ಅಮ್ಮ ಲೆಕ್ಕದಲ್ಲಿ ಬಿಳಿ. 1980ರಲ್ಲಿ ನಿಯಮ ತಿರುಗಿತು. ಆಯ್ಕೆ ಮಾಡಲಾಗದಿದ್ದರೆ ತಾಯಿಯದು. ಅಂದರೆ ಮಗು ‘ಏಷ್ಯನ್ ಇಂಡಿಯನ್’. ಹತ್ತು ವರ್ಷದಲ್ಲಿ ಹುಡುಗ ಬದಲಾಗಲಿಲ್ಲ, ಕೈಪಿಡಿಯ ಒಂದು ಸಾಲು ಬದಲಾಯಿತು ಅಷ್ಟೇ.

ಜನನ-ಮರಣದ ಅಂಕಿಅಂಶಗಳಲ್ಲೂ ಇದೇ ಆಟ. 1989ಕ್ಕೆ ಮುಂಚೆ ಹುಟ್ಟಿದ ಮಗುವಿನ ಜನಾಂಗವನ್ನು ತಂದೆತಾಯಿ ಇಬ್ಬರದನ್ನೂ ನೋಡಿ ತೀರ್ಮಾನಿಸುತ್ತಿದ್ದರು. ಒಬ್ಬರು ಬಿಳಿಯರಾದರೆ ಮಗುವಿಗೆ ಇನ್ನೊಬ್ಬರ ಜನಾಂಗ. ಇಬ್ಬರೂ ಬಿಳಿಯರಲ್ಲದಿದ್ದರೆ ಸಾಮಾನ್ಯವಾಗಿ ತಂದೆಯದು. 1989ರಿಂದ ರಾಷ್ಟ್ರೀಯ ಕೋಷ್ಟಕಗಳಲ್ಲಿ ತಾಯಿಯ ಜನಾಂಗವನ್ನೇ ಇಟ್ಟುಕೊಂಡರು. ಅದೇ ಮಗು ದುರದೃಷ್ಟಕ್ಕೆ ವರ್ಷದೊಳಗೆ ತೀರಿಕೊಂಡರೆ? ಮರಣ ಪ್ರಮಾಣಪತ್ರದಲ್ಲಿ ಜನಾಂಗದ ಕಾಲಂ ತುಂಬುವುದು ಅಂತ್ಯಕ್ರಿಯೆ ನಡೆಸುವ ಸಂಸ್ಥೆಯವರು, ಮನೆಯವರನ್ನು ಕೇಳಿ ಅಥವಾ ಸುಮ್ನೆ ನೋಡಿ. ಹೀಗೆ ಮಗು ಒಂದು ಜನಾಂಗದಲ್ಲಿ ಹುಟ್ಟಿ ಇನ್ನೊಂದರಲ್ಲಿ ಸತ್ತದ್ದುಂಟು. ಶಿಶುಮರಣದ ದರ ಲೆಕ್ಕ ಹಾಕುವುದು ಸಾವನ್ನು ಹುಟ್ಟಿನಿಂದ ಭಾಗಿಸಿ. ಮೇಲಿನ ಅಂಕಿಗೂ ಕೆಳಗಿನದಕ್ಕೂ ಬೇರೆ ಬೇರೆ ನಿಯಮವಿದ್ದರೆ ದರ ಸರಿಯಾಗಿ ಬರುವುದು ಹೇಗೆ? ಕೊನೆಗೆ ಒಂದೇ ಮಗುವಿನ ಎರಡು ದಾಖಲೆಗಳನ್ನು ಜೋಡಿಸಿ ಲೆಕ್ಕ ಹಾಕುವ ಪದ್ಧತಿ ತಂದರು.

ಒಂದಕ್ಕಿಂತ ಹೆಚ್ಚು ಟಿಕ್ ಹಾಕುವ ಹಕ್ಕು ಸಿಕ್ಕಿದ್ದು 1997ರಲ್ಲಿ. ಅದು ಸುಲಭವಾಗಿ ಬರಲಿಲ್ಲ. ಮಿಶ್ರ ಮಕ್ಕಳ ತಂದೆತಾಯಿ ಕೇಳಿದ್ದು ‘ಮಲ್ಟಿರೇಷಿಯಲ್’ ಅಂತ ಒಂದು ಪ್ರತ್ಯೇಕ ಬಾಕ್ಸ್. ನನ್ನ ಮಗು ಅಪ್ಪನನ್ನೋ ಅಮ್ಮನನ್ನೋ ಬಿಟ್ಟುಕೊಡಬೇಕಾ ಅನ್ನುವುದು ಅವರ ಪ್ರಶ್ನೆ. ನ್ಯಾಯವೇ. ಆದರೆ ಎನ್‌ಎಎಸಿಪಿಯಂಥ ಕಪ್ಪು ಜನರ ಹಕ್ಕುಗಳ ಸಂಘಟನೆಗಳು ಪ್ರತ್ಯೇಕ ಬಾಕ್ಸನ್ನು ವಿರೋಧಿಸಿದವು. ಜನ ಆ ಬಾಕ್ಸಿಗೆ ಹೋದಷ್ಟೂ ಕಪ್ಪು ಜನರ ಸಂಖ್ಯೆ ಕಾಗದದಲ್ಲಿ ಕಡಿಮೆಯಾಗುತ್ತದೆ, ಮತಕ್ಷೇತ್ರ ಹಂಚುವಾಗ, ತಾರತಮ್ಯದ ಕೇಸು ಹಾಕುವಾಗ ಪೆಟ್ಟು ಬೀಳುತ್ತದೆ ಅನ್ನುವುದು ಅವರ ಆತಂಕ. ಅದೂ ನ್ಯಾಯವೇ. ನನ್ನ ಅಭಿಪ್ರಾಯದಲ್ಲಿ ಆಗ ಆದ ರಾಜಿ ಒಳ್ಳೆಯದು. ಪ್ರತ್ಯೇಕ ಬಾಕ್ಸ್ ಬೇಡ, ಇರುವ ಬಾಕ್ಸುಗಳಲ್ಲಿ ಎಷ್ಟಕ್ಕೆ ಬೇಕೋ ಅಷ್ಟಕ್ಕೆ ಟಿಕ್ ಹಾಕಿ ಅಂದರು. 2000ದ ಗಣತಿಯಲ್ಲಿ ಜಾರಿಗೆ ಬಂತು.

ರಾಜಿಯ ಬೆಲೆ ತೆತ್ತವರು ಅಂಕಿಅಂಶದವರು. ‘ಇತರ ಜನಾಂಗ’ ಸೇರಿ ಆರು ಬಾಕ್ಸ್ ಇದ್ದರೆ ಸಾಧ್ಯವಾಗುವ ಉತ್ತರಗಳು 63. ಹಿಸ್ಪಾನಿಕ್ ಹೌದು-ಅಲ್ಲ ಸೇರಿಸಿದರೆ 126. ಒಂದು ಸಣ್ಣ ಊರಿನ ಜನರನ್ನು 126 ಖಾನೆಗಳಿಗೆ ಹಂಚಿದರೆ ಎಷ್ಟೋ ಖಾನೆಗಳಲ್ಲಿ ಒಂದೊಂದು ಮನೆ ಉಳಿಯುತ್ತದೆ. ಅಂಕಿಗೂ ಅರ್ಥವಿಲ್ಲ, ಆ ಮನೆಯವರ ಗುಟ್ಟೂ ಉಳಿಯುವುದಿಲ್ಲ. ಅದಕ್ಕೇ ‘ಎರಡು ಅಥವಾ ಹೆಚ್ಚು’ ಎಂಬ ಗಂಟು ಕಟ್ಟಿ ಮೂಲೆಗಿಡುವುದು. ಪ್ರತ್ಯೇಕ ಬಾಕ್ಸ್ ಬೇಡ ಅಂತ ಮುಂಬಾಗಿಲಲ್ಲಿ ತಡೆದದ್ದು ವರದಿಯ ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು. ತಾರತಮ್ಯದ ಪ್ರಕರಣಗಳಿಗೆ ಮಾತ್ರ 2000ದಲ್ಲಿ ಬೇರೆ ನಿಯಮ ಮಾಡಿದರು. ಬಿಳಿ ಮತ್ತು ಇನ್ನೊಂದು ಅಲ್ಪಸಂಖ್ಯಾತ ಜನಾಂಗಕ್ಕೆ ಟಿಕ್ ಹಾಕಿದವರನ್ನು ಆ ಅಲ್ಪಸಂಖ್ಯಾತ ಗುಂಪಿನಲ್ಲಿ ಎಣಿಸಿ ಅಂತ. ಒಂದು ಹನಿ ನಿಯಮ ನೆನಪಾಯಿತಾ? ಉದ್ದೇಶ ತಲೆಕೆಳಗು, ಲೆಕ್ಕ ಮಾತ್ರ ಅದೇ.

ಅಂಕಿಗಳನ್ನು ನಂಬುವ ಮುನ್ನ ಇನ್ನೊಂದು ವಿಷಯ ನೋಡಿ. ಒಂದಕ್ಕಿಂತ ಹೆಚ್ಚು ಜನಾಂಗ ಹೇಳಿದವರು 2000ದಲ್ಲಿ 68 ಲಕ್ಷ, 2010ರಲ್ಲಿ 90 ಲಕ್ಷ, 2020ರಲ್ಲಿ 3.38 ಕೋಟಿ. ಹತ್ತು ವರ್ಷದಲ್ಲಿ ಮೂರೂವರೆ ಪಟ್ಟಿಗಿಂತ ಜಾಸ್ತಿ. ಪತ್ರಿಕೆಗಳು ಅಮೆರಿಕ ಮಿಶ್ರವಾಯಿತು ಅಂತ ತಲೆಬರಹ ಹಾಕಿದವು. ಮಿಶ್ರ ಮದುವೆಗಳು ಹೆಚ್ಚಾಗಿವೆ, ನಿಜ. ಆದರೆ ಇಷ್ಟು ದೊಡ್ಡ ಜಿಗಿತಕ್ಕೆ ಮುಖ್ಯ ಕಾರಣಗಳಲ್ಲೊಂದು ಫಾರಂ. 2020ರಲ್ಲಿ ವೈಟ್, ಬ್ಲ್ಯಾಕ್ ಬಾಕ್ಸುಗಳ ಕೆಳಗೂ ಮೂಲ ಬರೆಯಲು ಗೆರೆ ಕೊಟ್ಟರು. ಮೊದಲು ಆ ಬರಹದ 30 ಅಕ್ಷರಗಳನ್ನು ಮಾತ್ರ ಓದುತ್ತಿದ್ದರು, ಈಗ 200. ಮೊದಲು ಎರಡು ಮೂಲಗಳನ್ನು ದಾಖಲಿಸುತ್ತಿದ್ದರು, ಈಗ ಆರು. ವೈಟ್‌ಗೆ ಟಿಕ್ ಹಾಕಿ ಗೆರೆಯಲ್ಲಿ ‘ಮೆಕ್ಸಿಕನ್’ ಎಂದು ಬರೆದವರು ವೈಟ್ ಜೊತೆಗೆ ‘ಇತರ ಜನಾಂಗ’ವೂ ಆಗಿ, ಎರಡು ಜನಾಂಗದವರಾದರು. ಅವರು ಟಿಕ್ ಹಾಕಿದ್ದು ಒಂದೇ ಕಡೆ!

ಆ ‘ಇತರ ಜನಾಂಗ’ 2020ರಲ್ಲಿ ದೇಶದ ಎರಡನೇ ದೊಡ್ಡ ಜನಾಂಗವಾಯಿತು. ಒಂಟಿಯಾಗಿ ಅಥವಾ ಬೇರೆಯದರ ಜೊತೆ ಸೇರಿ 4.99 ಕೋಟಿ ಜನ, ಬ್ಲ್ಯಾಕ್‌ಗಿಂತ ಜಾಸ್ತಿ. ಬಹುಪಾಲು ಹಿಸ್ಪಾನಿಕ್ ಮೂಲದವರು. ಅವರಿಗೆ ಬಿಳಿ, ಕಪ್ಪು ಎರಡೂ ಹೊಂದುವುದಿಲ್ಲ, ಹಿಸ್ಪಾನಿಕ್ ಅನ್ನುವುದು ಜನಾಂಗದ ಪಟ್ಟಿಯಲ್ಲೇ ಇಲ್ಲ. ಪಟ್ಟಿಯಲ್ಲಿ ಎರಡನೇ ಸ್ಥಾನ ‘ಮೇಲಿನ ಯಾವುದೂ ಅಲ್ಲ’ಕ್ಕೆ ಬಂದರೆ ಪಟ್ಟಿಯಲ್ಲೇ ಏನೋ ಸರಿಯಿಲ್ಲ ಅಂತಲೇ ಅರ್ಥ.

ಇದನ್ನು ಸರಿಪಡಿಸಲು 2024ರ ಮಾರ್ಚ್‌ನಲ್ಲಿ ಹೊಸ ನಿಯಮ ಬಂದಿದೆ. ಎರಡು ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದಾರೆ. ಹಿಸ್ಪಾನಿಕ್ ಕೂಡ ಬೇರೆ ಬಾಕ್ಸುಗಳ ಸಾಲಿನಲ್ಲೇ ಬರುತ್ತದೆ. ಇದುವರೆಗೆ ಬಿಳಿಯರ ಲೆಕ್ಕದಲ್ಲಿದ್ದ ಅರಬ್, ಇರಾನಿ ಮುಂತಾದವರಿಗೆ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಎಂಬ ಹೊಸ ಬಾಕ್ಸ್. ಒಟ್ಟು ಏಳು, ಎಷ್ಟಕ್ಕೆ ಬೇಕಾದರೂ ಟಿಕ್. ಇಲಾಖೆಗಳು ಹೊಂದಿಕೊಳ್ಳಲು ಐದು ವರ್ಷ ಕೊಟ್ಟರು. ನಿಮ್ಮ ಮೊಮ್ಮಗನ ಮಟ್ಟಿಗೆ ಇದು ಒಳ್ಳೆಯ ಸುದ್ದಿ. ಹಿಸ್ಪಾನಿಕ್ ಎಂಬ ಉತ್ತರ ಉಳಿದದ್ದನ್ನು ನುಂಗುವ ಪದ್ಧತಿ ಹೋಗಬೇಕು. ಒಂದೇ ಮಗುವನ್ನು ಮೂರೂ ಗುಂಪಿನ ಲೆಕ್ಕದಲ್ಲಿ ಸೇರಿಸುವ ವಿಧಾನಕ್ಕೂ ಅದರಲ್ಲಿ ಜಾಗವಿದೆ. ಆಗ ಒಟ್ಟು ನೂರಕ್ಕೆ ನೂರು ಬರುವುದಿಲ್ಲ, ಜಾಸ್ತಿ ಬರುತ್ತದೆ. ಬರಲಿ ಬಿಡಿ.

ಬೇರೆ ದೇಶಗಳವರು ಇದನ್ನು ಬಗೆಹರಿಸಿದ್ದಾರಾ ಅಂದರೆ, ಇಲ್ಲ. ಬ್ರಿಟನ್ 2001ರಲ್ಲಿ ‘ಮಿಶ್ರ’ ಎಂಬ ವಿಭಾಗ ತಂದಿತು, ಅದರೊಳಗೆ ಬಿಳಿ ಮತ್ತು ಕಪ್ಪು ಕೆರಿಬಿಯನ್, ಬಿಳಿ ಮತ್ತು ಏಷ್ಯನ್ ಹೀಗೆ ಉಪಖಾನೆಗಳು. ನಿಮ್ಮ ಮೊಮ್ಮಗ ಅಲ್ಲಿದ್ದರೆ ‘ಇತರ ಮಿಶ್ರ’. ಬ್ರೆಜಿಲ್‌ನಲ್ಲಿ ಮೈಬಣ್ಣದ ಮೇಲೆ ಕೇಳುತ್ತಾರೆ, 2022ರಲ್ಲಿ ‘ಪಾರ್ಡೊ’ ಅಂದರೆ ಕಂದು-ಮಿಶ್ರ ಅಂದವರು ಶೇ. 45.3, ಬಿಳಿಯರನ್ನೂ ಮೀರಿಸಿದರು. ಫ್ರಾನ್ಸ್ ಗಣತಿಯಲ್ಲಿ ಜನಾಂಗ ಕೇಳುವುದೇ ಇಲ್ಲ, ಹಾಗಾಗಿ ಅಲ್ಲಿ ತಾರತಮ್ಯವನ್ನು ಸಂಖ್ಯೆಯಲ್ಲಿ ತೋರಿಸಲು ಸುತ್ತಿಬಳಸಬೇಕು. ದಕ್ಷಿಣ ಆಫ್ರಿಕಾದ 1950ರ ಕಾಯ್ದೆ ಪ್ರತಿಯೊಬ್ಬರಿಗೂ ಒಂದು ಜನಾಂಗ ಅಂಟಿಸಿತು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಬೀಳುತ್ತದಾ ನಿಲ್ಲುತ್ತದಾ ಅಂತ ನೋಡುತ್ತಿದ್ದರು. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಜನಾಂಗವಾದರು. 1991ರಲ್ಲಿ ಆ ಕಾಯ್ದೆ ರದ್ದಾಯಿತು.

ಈಗ ತೊಂದರೆಯಾಗುತ್ತಾ ಎಂಬ ಪ್ರಶ್ನೆಗೆ ಬರೋಣ. ಶಾಲೆಯ ಈ ಒಂದು ಪದದಿಂದ ಮಗುವಿನ ಪಾಠಕ್ಕಾಗಲಿ, ಅಂಕಕ್ಕಾಗಲಿ ಏನೂ ಆಗುವುದಿಲ್ಲ. ಕಾಲೇಜು ಪ್ರವೇಶಕ್ಕೂ ಈಗ ಆ ಪ್ರಶ್ನೆಯ ತೂಕ ಕಡಿಮೆ. ಜನಾಂಗ ನೋಡಿ ಸೀಟು ಕೊಡುವುದು ಸಲ್ಲದು ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಜನಗಣತಿಯ ಉತ್ತರವನ್ನು ಕಾನೂನು ಗುಟ್ಟಾಗಿಡುತ್ತದೆ. 72 ವರ್ಷ ಹೆಸರಿನ ಸಮೇತ ಹೊರಗೆ ಬರುವುದಿಲ್ಲ. ಅಲ್ಲಿ ಇರುವುದನ್ನೆಲ್ಲ ಧಾರಾಳವಾಗಿ ತುಂಬಲಿ.

ಜೋಪಾನವಾಗಿರಬೇಕಾದ್ದು ಆಸ್ಪತ್ರೆಯ ಫಾರಂನಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ರಕ್ತಪರೀಕ್ಷೆಯಿಂದ ಅಂದಾಜು ಮಾಡುವ ಒಂದು ಸೂತ್ರವಿದೆ. 2009ರ ಸೂತ್ರದಲ್ಲಿ ರೋಗಿ ಬ್ಲ್ಯಾಕ್ ಆದರೆ ಫಲಿತಾಂಶವನ್ನು 1.159ರಿಂದ ಗುಣಿಸುತ್ತಿದ್ದರು. ಅಂದರೆ ಅದೇ ರಕ್ತ, ಅದರಲ್ಲಿ ಅಳೆಯುವ ಕ್ರಿಯಾಟಿನೈನ್ ಎಂಬ ಕಲ್ಮಶವೂ ಅಷ್ಟೇ, ಆದರೆ ಕಿಡ್ನಿ ಸುಮಾರು ಶೇ. 16ರಷ್ಟು ಚೆನ್ನಾಗಿದೆ ಅಂತ ವರದಿ. ಕಸಿಗೆ ಹೆಸರು ಬರೆಸಲು ಆ ಅಂಕಿ 20ಕ್ಕೆ ಇಳಿಯಬೇಕು. ಗುಣಿಸಿದವರಿಗೆ ಅದು ತಡವಾಗಿ ಇಳಿಯುತ್ತದೆ. ಈಗ ತಂದೆ ಅರ್ಧ ಕಪ್ಪು, ತಾಯಿ ಭಾರತೀಯಳಾದ ರೋಗಿ ಬಂದರೆ ಗುಣಿಸಬೇಕೋ ಬೇಡವೋ? ಸೂತ್ರದಲ್ಲಿ ಹೌದು ಅಥವಾ ಅಲ್ಲ ಅಷ್ಟೇ ಇದ್ದದ್ದು. 2021ರಲ್ಲಿ ಜನಾಂಗವಿಲ್ಲದ ಸೂತ್ರ ಬಂತು. ಬಾಕ್ಸು ಬೇಡವಾದ ಇನ್ನೊಂದು ಜಾಗ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಯ ಪರೀಕ್ಷೆ. ಮೊದಲು ಕೆಲವೆಡೆ ಜನಾಂಗ ನೋಡಿ ಮಾಡುತ್ತಿದ್ದರು. 2006ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಹುಟ್ಟಿದ ಪ್ರತಿ ಮಗುವಿಗೂ ಮಾಡುವ ಹಾಗಾಯಿತು. ನಿಮ್ಮ ಮೊಮ್ಮಗನಿಗೂ ಆಗಿರಲೇಬೇಕು.

ಹಾಗಾಗಿ ವೈದ್ಯರ ಹತ್ತಿರ ಬಾಕ್ಸಿಗಿಂತ ಮನೆತನದ ರೋಗಗಳ ಚರಿತ್ರೆ ಮುಖ್ಯ. ನಿಮ್ಮ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ, ಬೀಗರ ಎರಡೂ ಕಡೆ ಏನೇನಿದೆ, ಇದನ್ನು ಮಗಳು ಬರೆದಿಟ್ಟುಕೊಳ್ಳಲಿ. ನಿಮ್ಮ ಕಡೆಯದನ್ನು ಹೇಳಬಲ್ಲವರು ನೀವೇ. ಒಂದೇ ಒಂದು ಕಡೆ ಎಲ್ಲ ಬಾಕ್ಸುಗಳಿಗೂ ಟಿಕ್ ಹಾಕಲೇಬೇಕು. ಮುಂದೆ ಅವನು ದೊಡ್ಡವನಾಗಿ ಅಸ್ಥಿಮಜ್ಜೆ ದಾನಿಗಳ ಪಟ್ಟಿಗೆ ಸೇರಿದರೆ. ಮಜ್ಜೆ ಹೊಂದಲು ಬೇಕಾದ ಅಂಶಗಳು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಮಿಶ್ರ ಮೂಲದ ರೋಗಿಗಳಿಗೆ ಹೊರಗಿನ ದಾನಿ ಸಿಗುವುದು ಕಷ್ಟ. ಅಂಥ ದಾನಿಗಳನ್ನೇ ಹುಡುಕುತ್ತಿರುತ್ತಾರೆ.

ನೀವು ಬರೆಯದೆ ಬಿಟ್ಟ ಪ್ರಶ್ನೆಯೊಂದು ಪತ್ರದಲ್ಲಿ ಕಾಣುತ್ತಿದೆ. ‘ನಮ್ಮ ಕಡೆಯದು ಇಲ್ಲ’ ಎಂಬ ಸಾಲು. ಮಗು ದೊಡ್ಡವನಾದ ಮೇಲೆ ಏನು ಹೇಳುತ್ತಾನೋ ಈಗ ಗೊತ್ತಾಗುವುದಿಲ್ಲ. 2000 ಮತ್ತು 2010ರ ಗಣತಿಗಳಲ್ಲಿ ಅದದೇ ವ್ಯಕ್ತಿಗಳ ಉತ್ತರಗಳನ್ನು ಜೋಡಿಸಿ ನೋಡಿದಾಗ ನೂರಕ್ಕೆ ಆರು ಜನರ ಉತ್ತರ ಬದಲಾಗಿತ್ತು. ಬರಾಕ್ ಒಬಾಮಾ ಅವರ ತಾಯಿ ಬಿಳಿಯರು, ಅವರನ್ನು ಬೆಳೆಸಿದ್ದರಲ್ಲಿ ತಾಯಿಯ ತಂದೆತಾಯಿಯದೂ ದೊಡ್ಡ ಪಾಲು. 2010ರ ಗಣತಿಯಲ್ಲಿ ಅವರು ಬ್ಲ್ಯಾಕ್ ಒಂದಕ್ಕೇ ಟಿಕ್ ಹಾಕಿದರು. ಬೀದಿಯಲ್ಲಿ ಜನ ತನ್ನನ್ನು ಹೇಗೆ ನೋಡುತ್ತಾರೆ ಅನ್ನುವುದೂ ಒಂದು ಲೆಕ್ಕ. ನಿಮ್ಮ ಮೊಮ್ಮಗನೂ ಹದಿನೆಂಟಾದ ಮೇಲೆ ಒಂದಕ್ಕೇ ಟಿಕ್ ಹಾಕಬಹುದು, ಅದು ಏಷ್ಯನ್ ಆಗದಿರಬಹುದು. ಅವನಿಗೊಂದು ತಂಗಿ ಹುಟ್ಟಿದರೆ ಅವಳು ಬೇರೆ ಉತ್ತರ ಕೊಡಬಹುದು. ಅಜ್ಜಿ ಬೇಜಾರು ಮಾಡಿಕೊಳ್ಳಬಾರದು.

ಸದ್ಯಕ್ಕೆ ಮಗಳು ಮಾಡಬಹುದಾದದ್ದು ಇಷ್ಟು. ಶಾಲೆಯ ಕಚೇರಿಗೆ ಒಂದು ಇಮೇಲ್ ಬರೆದು, ತಾನು ತುಂಬಿದ ಮೂಲ ಫಾರಂನಲ್ಲಿ ಮೂರೂ ಉತ್ತರಗಳು ದಾಖಲಾಗಿವೆಯಾ ಅಂತ ಕೇಳಲಿ. ಮಗುವಿನ ಶಾಲಾ ದಾಖಲೆ ನೋಡುವ ಹಕ್ಕು ತಂದೆತಾಯಿಗೆ ಕಾನೂನಿನಲ್ಲೇ ಇದೆ. ಆನ್‌ಲೈನ್ ಖಾತೆಯಲ್ಲಿ ಕಾಣುವುದು ವರದಿಯ ಖಾನೆ ಮಾತ್ರ, ಅದನ್ನು ತಿದ್ದಿ ಅಂದರೆ ಅವರಿಗೆ ಆಗುವುದಿಲ್ಲ. ಮೂಲ ಉತ್ತರವನ್ನೇ ತಪ್ಪಾಗಿ ಹತ್ತಿಸಿಕೊಂಡಿದ್ದರೆ ಮಾತ್ರ ತಿದ್ದಿಸಲಿ. ಶಾಲೆ ಬದಲಾಯಿಸಿದರೆ ಮತ್ತೆ ಫಾರಂ ಬರುತ್ತದೆ, ಆ ಹೊತ್ತಿಗೆ ಹೊಸ ನಿಯಮದ ಒಂದೇ ಪ್ರಶ್ನೆ ಇರಬಹುದು. ಅದರಲ್ಲಿ ಏಷ್ಯನ್ ಕೆಳಗೆ ‘ಏಷ್ಯನ್ ಇಂಡಿಯನ್’ ಎಂಬ ಉಪಬಾಕ್ಸ್ ಕೂಡ ಇದ್ದರೆ ಅದನ್ನೂ ಮರೆಯದೆ ಟಿಕ್ ಮಾಡಲಿ.